ಹಿಮ್ಮಡಿಯ ಕೆಳಗಿನ ಶೇಂಗಾ

ಶೇಂಗಾ ಎಣ್ಣೆ ಕುಡಿದ ನೆಲವನ್ನು ತೊಳೆದು ಗೆದ್ದವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಲಿ. ನಾವು ಸೋಡಾ ಪುಡಿ ಹಾಕಿ ತಿಕ್ಕಿದೆವು. ಅಂಟುವಾಳದ ನೊರೆಯಲ್ಲಿ ನೆನೆಸಿದೆವು. ಒಲೆಯ ಬೂದಿ ಹರಡಿ, ಕೆಲವು ದಿನ ಬಿಟ್ಟು ಗುಡಿಸಿದೆವು. ಕುದಿಯುವ ನೀರು ಹುಯ್ದರೆ ಎಣ್ಣೆಗೆ ಇನ್ನಷ್ಟು ಖುಷಿ, ಕಲ್ಲಿನ ಸಂದಿಯಿಂದ ಮೇಲೆ ಬಂದು ಹೊಳೆಯುತ್ತ ಕೂರುತ್ತಿತ್ತು. ಚಳ್ಳಕೆರೆಯ ನಮ್ಮ ಕರಾಟೆ ಶಾಲೆ ಒಂದೇ ವರ್ಷದಲ್ಲಿ ಹೇಗೆ ಬೆಳೆಯಿತು ಎಂದು ಈಗ ಕೇಳುವವರಿಗೆ ನಾನು ಮೊದಲು ಹೇಳುವುದು ಈ ನೆಲದ ಸುದ್ದಿಯನ್ನೇ.

ಅದಕ್ಕೆ ಮೊದಲು ನಾವು ಪೇಟೆಯಲ್ಲಿ ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿದ್ದೆವು. ಮಕ್ಕಳು ಹೆಚ್ಚಾದಂತೆ ಕೆಳಗಿನ ಸ್ಟೀಲ್ ಲೋಟಗಳು ತಾವಾಗಿಯೇ ಕಪಾಟಿನಿಂದ ಇಳಿಯತೊಡಗಿದವು. ಅಂಗಡಿಯವರು ಒಳ್ಳೆಯವರು, ಬಹಳ ದಿನ ಸಹಿಸಿಕೊಂಡರು. ಕೊನೆಗೊಂದು ಸಂಜೆ ಸೊಟ್ಟಗಾದ ಕೊಳಗವೊಂದನ್ನು ಹಿಡಿದು ಮೆಟ್ಟಿಲು ಹತ್ತಿ ಬಂದರು. ಅವರು ಬಾಯಿ ತೆರೆಯುವ ಮೊದಲೇ ನಾನು, "ಜೂನ್‌ನಾಗೆ ಖಾಲಿ ಮಾಡ್ತೀನಿ ಅಣ್ಣ," ಅಂದೆ.

ಆಗ ಸಿಕ್ಕಿದ್ದೇ ಊರ ಹೊರಗಿನ ಹಳೆಯ ಎಣ್ಣೆ ಮಿಲ್ಲು. ಯಂತ್ರಗಳನ್ನು ಎಂದೋ ಮಾರಿದ್ದರು. ತಗಡಿನ ಚಾವಣಿಯ ಕೆಳಗೆ ಗೋಡೆಯಿಂದ ಗೋಡೆಗೆ ಹಾದುಹೋದ ಉದ್ದನೆಯ ಕಬ್ಬಿಣದ ಶಾಫ್ಟ್ ಮಾತ್ರ ಉಳಿದಿತ್ತು. ಕೆಳಗೆ ಕಡಪ ಕಲ್ಲಿನ ನೆಲ, ನಮ್ಮ ಎಲ್ಲ ಮಕ್ಕಳನ್ನೂ ಒಟ್ಟಿಗೆ ನಿಲ್ಲಿಸುವಷ್ಟು ವಿಶಾಲ. ಮಿಲ್ಲಿನ ಸಾಹುಕಾರರ ಮೊಮ್ಮಗ ನಮ್ಮಲ್ಲೇ ಕಲಿಯುತ್ತಿದ್ದ. ಬೀಗದ ಕೈ ಕೊಡುವಾಗ ಸಾಹುಕಾರರು, "ಎಣ್ಣೆ ಕುಡ್ದಿರೋ ನೆಲ ಕಣಮ್ಮ, ಹುಷಾರು," ಎಂದರು. ನಾನು ನಕ್ಕೆ. ನೆಲ ಕಂಡು ಹೆದರುವವರು ಕರಾಟೆ ಕಲಿಸಬಾರದು ಎಂಬ ಸೊಕ್ಕು ನನಗಿತ್ತು, ಈಗಲೂ ಸ್ವಲ್ಪ ಇದೆ.

ಅದೇ ತಿಂಗಳು ಮೊಳಕಾಲ್ಮೂರಿನಲ್ಲಿ ನಮ್ಮ ಮೊದಲ ಶಾಖೆಯೂ ಶುರುವಾಯಿತು. ಅದನ್ನು ನಡೆಸಿದ್ದು ನನ್ನ ಸಹಾಯಕಿ. ನೇಕಾರರ ಮನೆಯ ಹುಡುಗಿ, ಕಂದು ಬೆಲ್ಟು, ಎಂಟನೇ ತರಗತಿಯಿಂದ ನನ್ನ ಕೈಯಲ್ಲಿ ಕಲಿತವಳು. ಮಾತು ಕಡಿಮೆ, ಒದೆತ ಜೋರು. ಅವಳ ಮನೆಯಲ್ಲಿ ಎರಡು ಮಗ್ಗಗಳಿದ್ದವು. ಒಂದರಲ್ಲಿ ಅಣ್ಣ ಕೂರುತ್ತಿದ್ದ. ಅಪ್ಪ ಹೋದ ಮೇಲೆ ಇನ್ನೊಂದು ಖಾಲಿ ಇತ್ತು, ಅದರಲ್ಲಿ ಮಗಳು ಕೂರಲಿ ಎಂದು ಅವ್ವನ ಆಸೆ. ಬಹಳ ಚೌಕಾಸಿಯ ನಂತರ ಆ ತಾಯಿ ಯುಗಾದಿಯವರೆಗೆ ಗಡುವು ಕೊಟ್ಟರು. ಅಷ್ಟರಲ್ಲಿ ಶಾಖೆ ತನ್ನ ಕಾಲ ಮೇಲೆ ನಿಲ್ಲಬೇಕು, ಮಗಳು ಕಪ್ಪು ಬೆಲ್ಟು ತರಬೇಕು. ಕಪ್ಪು ಬೆಲ್ಟಿಲ್ಲದವರು ಸ್ವಂತವಾಗಿ ಶಾಖೆ ನಡೆಸುವಂತಿಲ್ಲ ಎಂಬುದು ನಮ್ಮಲ್ಲಿ ಮೊದಲಿನಿಂದ ಇರುವ ನಿಯಮ. ಎರಡರಲ್ಲಿ ಒಂದು ತಪ್ಪಿದರೂ ಅವಳು ಮಗ್ಗಕ್ಕೆ.

ಆ ಶಾಖೆಗೆ ಸಿಕ್ಕಿದ್ದು ಸಮುದಾಯ ಭವನದ ಹಿಂದಿನ ಮಣ್ಣಿನ ಅಂಗಳ. ಗರಸು, ಸಣ್ಣ ಕಲ್ಲು, ಒಂದು ಬೇವಿನ ಮರ. ಮಕ್ಕಳ ಅಂಗಾಲು ತರಚುತ್ತಿತ್ತು. ನಮ್ಮ ದೊಡ್ಡ ಮಿಲ್ಲಿನಿಂದ ಹೋದ ನನಗೆ ಅಲ್ಲಿ ನಿಂತಾಗಲೆಲ್ಲ ಪಾಪ ಅನ್ನಿಸುತ್ತಿತ್ತು. ಭಾನುವಾರಗಳಲ್ಲಿ ಸಹಾಯಕಿ ಚಳ್ಳಕೆರೆಗೆ ಬಂದು ನನ್ನ ಹತ್ತಿರ ಅಭ್ಯಾಸ ಮಾಡುತ್ತಿದ್ದಳು. ಅವಳ ಕಪ್ಪು ಬೆಲ್ಟಿನ ಪರೀಕ್ಷೆಗೆ ಪರೀಕ್ಷಕರು ದಾವಣಗೆರೆಯಿಂದ ಡಿಸೆಂಬರ್‌ನಲ್ಲಿ ಬರುವುದಿತ್ತು.

ಮಿಲ್ಲಿನಲ್ಲಿ ಮೊದಲ ವಾರ ಎಲ್ಲರೂ ಜಾರಿದರು. ಎರಡನೇ ವಾರ ಕಡಿಮೆಯಾಯಿತು. ತಿಂಗಳು ಕಳೆಯುವಷ್ಟರಲ್ಲಿ ಯಾರೂ ಬೀಳುತ್ತಿರಲಿಲ್ಲ. ಬಿಸಿಲೇರಿ ತಗಡು ಕಾದು ಕಲ್ಲು ಬೆವರಿದ ದಿನವೂ ನಮ್ಮ ಮಕ್ಕಳು ನೆಟ್ಟಗೆ ನಿಲ್ಲುತ್ತಿದ್ದರು. ಮನೆಗೆ ಹೋದರೆ ಬಟ್ಟೆಯೆಲ್ಲ ಎಣ್ಣೆ ವಾಸನೆ. ಮಾರ್ಕೆಟ್ ಯಾರ್ಡಿನ ಹಮಾಲರೊಬ್ಬರು ನಮಗೆ 'ಒಗ್ಗರಣೆ ಕರಾಟೆ' ಎಂದು ಹೆಸರಿಟ್ಟರು. ಹೆಸರು ಊರಲ್ಲಿ ಹಬ್ಬಿತು, ಮಕ್ಕಳೂ ಹೆಚ್ಚಿದರು. ನೋಡಲು ಬಂದ ತಂದೆ ತಾಯಂದಿರ ಮುಂದೆ ನಾನು ಎದೆಯುಬ್ಬಿಸಿ, "ನಮ್ಮ ಮಕ್ಕಳು ಬೀಳೋದೇ ಇಲ್ಲ," ಎನ್ನುತ್ತಿದ್ದೆ.

ದೀಪಾವಳಿ ಕಳೆದು ಜಿಲ್ಲೆಯ ಪಂದ್ಯಾವಳಿ ಬಂತು. ಒಳಾಂಗಣದಲ್ಲಿ ರಬ್ಬರಿನ ಮ್ಯಾಟು. ಚಳ್ಳಕೆರೆಯಿಂದ ಹಸಿರು, ನೀಲಿ, ಕಂದು ಬೆಲ್ಟುಗಳ ದಂಡೇ ಹೋಗಿತ್ತು. ಮೊಳಕಾಲ್ಮೂರಿನಿಂದ ಹಳದಿ ಬೆಲ್ಟಿನ ಕೆಲವರು ಮಾತ್ರ, ಅನುಭವಕ್ಕೆ ಇರಲಿ ಎಂದು ಕರೆದೊಯ್ದಿದ್ದೆ. ಮಧ್ಯಾಹ್ನದ ಹೊತ್ತಿಗೆ ನಮ್ಮ ದಂಡು ಒಬ್ಬೊಬ್ಬರಾಗಿ ಹೊರಬಿತ್ತು. ಮಿಲ್ಲಿನ ನೆಲದಲ್ಲಿ ಜಾರಿಸುತ್ತಿದ್ದ ಪಾದ ಮ್ಯಾಟಿಗೆ ಕಚ್ಚಿಕೊಂಡು ಮುಗ್ಗರಿಸಿದವರು ಕೆಲವರು. ಉಳಿದವರ ಗುದ್ದು ತಲುಪಿತು, ಆದರೆ ಅದರಲ್ಲಿ ಜೀವವಿರಲಿಲ್ಲ, ರೆಫರಿಗಳು ಅಂಕ ಕೊಡಲಿಲ್ಲ. ನಾನು ಹೋಗಿ ವಾದಿಸಿದೆ. ಹಿರಿಯ ರೆಫರಿ ಸಮಾಧಾನದಿಂದಲೇ, "ಮೇಡಂ, ನಿಮ್ಮ ಮಕ್ಕಳು ಕೈಯಿಂದ ಹೊಡೀತಾರೆ. ಸೊಂಟ ಬರ್ತಿಲ್ಲ," ಎಂದರು. ಮೊಳಕಾಲ್ಮೂರಿನ ಹಳದಿ ಬೆಲ್ಟಿನ ಹುಡುಗಿಯೊಬ್ಬಳು ತನ್ನ ವಿಭಾಗದಲ್ಲಿ ಗೆದ್ದಳು. ಚಪ್ಪಾಳೆ ತಟ್ಟಿದೆ, ಕಣ್ಣು ಮಾತ್ರ ಸೋತು ಕೂತ ನಮ್ಮ ದಂಡಿನ ಮೇಲೇ ಇತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಸಹಾಯಕಿ ನನ್ನ ಪಕ್ಕ ಕೂತಿದ್ದಳು.

"ಮೇಡಂ, ಒಂದ್ ಮಾತು ಹೇಳ್ಲಾ? ಬೈಬಾರ್ದು."

"ಬೈಯೋದು ಬಿಡೋದು ಆಮೇಲೆ. ಹೇಳು."

"ಮಿಲ್ಲಿನ ಹುಡುಗ್ರು ಬೀಳಬಾರ್ದು ಅಂತ ಆಡ್ತಾರೆ. ಅಂಗಳದ ಹುಡುಗ್ರು ಹೊಡೀಬೇಕು ಅಂತ ಆಡ್ತಾರೆ."

ನಾನು ಬೈಯಲಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ.

ಮಾತು ಸರಿಯೋ ತಪ್ಪೋ ಎಂದು ಪರೀಕ್ಷಿಸದೆ ನನಗೆ ಸಮಾಧಾನವಾಗುವುದಿಲ್ಲ. ಮುಂದಿನ ಭಾನುವಾರ ಚಳ್ಳಕೆರೆಯ ದೊಡ್ಡ ಮಕ್ಕಳನ್ನು ಬಸ್ಸಿಗೆ ಹತ್ತಿಸಿ ಮೊಳಕಾಲ್ಮೂರಿಗೆ ಕರೆದೊಯ್ದೆ. ಅಂಗಳವನ್ನು ಗುಡಿಸಿ, ನೀರು ಚಿಮುಕಿಸಿ, ಮೇಲೆ ತೆಳುವಾಗಿ ಜರಡಿ ಮಣ್ಣು ಹರಡಿಸಿದೆ. ಒಬ್ಬೊಬ್ಬರೂ ಉದ್ದ ನಿಲುವಿನಲ್ಲಿ ಮುಂದೆ ಸಾಗಿ ಗುದ್ದಬೇಕು. ಮುಂದಿನ ಮಂಡಿ ಬಾಗಬೇಕು, ಹಿಂದಿನ ಕಾಲು ನೆಟ್ಟಗಾಗಬೇಕು, ಆ ಹಿಂದಿನ ಹಿಮ್ಮಡಿ ನೆಲವನ್ನು ಒತ್ತಿದರೆ ಮಾತ್ರ ಸೊಂಟ ತಿರುಗುತ್ತದೆ, ಸೊಂಟ ತಿರುಗಿದರೆ ಮಾತ್ರ ಮುಷ್ಟಿಗೆ ಬಲ ಬರುತ್ತದೆ. ಕರಾಟೆಯ ಮೊದಲ ತಿಂಗಳ ಪಾಠ ಇದು.

ಎಲ್ಲರೂ ಸಾಗಿ ಮುಗಿದ ಮೇಲೆ ಮಣ್ಣಿನಲ್ಲಿ ಮೂಡಿದ ಹೆಜ್ಜೆಗಳನ್ನು ಬಗ್ಗಿ ನೋಡುತ್ತ ಹೋದೆ. ಮೊಳಕಾಲ್ಮೂರಿನ ಮಕ್ಕಳದು ಪೂರ್ತಿ ಪಾದ, ಹಿಮ್ಮಡಿಯ ಕಡೆ ಆಳ. ಚಳ್ಳಕೆರೆಯ ಮಕ್ಕಳದು ಬೆರಳು ಊರಿದ ಗುರುತು ಮಾತ್ರ, ಹೆಜ್ಜೆಯೂ ಗೇಣಷ್ಟು ಗಿಡ್ಡ. ಜಾರುವ ಕಲ್ಲಿನ ಮೇಲೆ ಹಿಮ್ಮಡಿ ಒತ್ತಿದರೆ ಕಾಲು ಹಿಂದಕ್ಕೆ ಓಡುತ್ತದೆ. ಹಾಗಾಗಿ ಪಾಪ, ಮಕ್ಕಳ ಕಾಲು ತಾನಾಗಿಯೇ ಒತ್ತುವುದನ್ನು ಬಿಟ್ಟು ಬೆರಳಿನಿಂದ ನೆಲ ಹಿಡಿಯುವುದನ್ನು ಕಲಿತಿತ್ತು. ನಾನು ಅದನ್ನೇ ಸ್ಥಿರತೆ ಎಂದುಕೊಂಡು ಊರಿಗೆಲ್ಲ ಸಾರಿದ್ದೆ.

ಸಹಾಯಕಿಯೂ ಸಾಗಿದಳು. ಎಡ ಹಿಮ್ಮಡಿ ಚೆನ್ನಾಗಿ ಮೂಡಿತು, ಬಲದ್ದು ಅರ್ಧ. ಭಾನುವಾರಗಳ ಮಿಲ್ಲಿನ ಅಭ್ಯಾಸ ಅವಳಿಗೂ ಅಷ್ಟು ಅಂಟಿತ್ತು. ಕೊನೆಗೆ ನಾನೂ ಸಾಗಿ, ಹಿಂತಿರುಗಿ ನನ್ನ ಹೆಜ್ಜೆ ನೋಡಿದೆ. ಹಿಮ್ಮಡಿಯೇ ಇರಲಿಲ್ಲ. ಮಕ್ಕಳಲ್ಲಿ ಯಾರೋ ಕಿಸಕ್ಕೆಂದರು. ನನಗೂ ನಗು ಬಂತು, ಜೊತೆಗೆ ಅವಮಾನವೂ ಆಯಿತು.

ಬಣ್ಣದ ಬೆಲ್ಟುಗಳ ಪರೀಕ್ಷೆಯನ್ನು ಆಗಲೇ ಪ್ರಕಟಿಸಿಯಾಗಿತ್ತು. ಎಲ್ಲರಿಗೂ ಒಂದೊಂದು ಬಣ್ಣ ಮೇಲೇರಿಸಿ, ಫೋಟೊ ತೆಗೆಸಿ, ತಪ್ಪನ್ನು ನಿಧಾನವಾಗಿ ಸರಿಪಡಿಸಿಕೊಳ್ಳಬಹುದಿತ್ತು. ಬಹಳ ಶಾಲೆಗಳು ಹಾಗೇ ಮಾಡುತ್ತವೆ. ನನಗೆ ಮನಸ್ಸು ಬರಲಿಲ್ಲ. ಮಂಗಳವಾರ ಸಂಜೆ ಮಿಲ್ಲಿನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಏಣಿ ತರಿಸಿದೆ. ಮೊದಲು ನನ್ನ ಕಪ್ಪು ಬೆಲ್ಟು ಬಿಚ್ಚಿ ಮೇಲಿನ ಶಾಫ್ಟಿಗೆ ಕಟ್ಟಿದೆ. "ಎಲ್ಲರೂ ಬಿಚ್ಚಿ ಕೊಡ್ರಿ. ನೆಲ ಒತ್ತೋದು ಯಾರಿಗೆ ಬರ್ತೈತೋ ಅವರಿಗೆ ವಾಪಸ್," ಎಂದೆ. ಕೆಲವರು ಅತ್ತರು. ಶಾಫ್ಟಿನ ಉದ್ದಕ್ಕೂ ಬಣ್ಣಬಣ್ಣದ ಪಟ್ಟಿಗಳು ನೇತಾಡಿದವು.

ಸಹಾಯಕಿ ಅಂದು ಬೇಕೆಂದೇ ಬಂದಿದ್ದಳು. ತನ್ನದನ್ನೂ ಬಿಚ್ಚಿದಳು.

"ನಿಂದು ಬೇಡ ಕಣೇ. ಡಿಸೆಂಬರ್‌ನಾಗೆ ನಿನಗೆ ಪರೀಕ್ಷೆ ಐತೆ. ಯುಗಾದಿ ಗಡುವು ಮರ್ತೆಯಾ?"

"ಬಲಗಾಲು ನೀವೇ ನೋಡಿದ್ದೀರಲ್ಲ ಮೇಡಂ," ಎಂದವಳೇ ಏಣಿ ಹತ್ತಿದಳು.

ಅಲ್ಲಿಗೆ ನಾನು ಪರೀಕ್ಷಕರಿಗೆ ಫೋನ್ ಮಾಡಿ ಡಿಸೆಂಬರ್ ಬೇಡ, ಯುಗಾದಿಗೆ ಮುಂಚಿನ ಭಾನುವಾರ ಬನ್ನಿ ಎಂದು ಕೇಳಿಕೊಂಡೆ. ಅವರು ಗೊಣಗಿ ಒಪ್ಪಿದರು. ಅವಳ ಅವ್ವನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹೋದಾಗ ಆ ತಾಯಿ ಪಡಸಾಲೆಯಲ್ಲಿ ಕೂತು ರೇಷ್ಮೆ ನೂಲು ಸುತ್ತುತ್ತಿದ್ದರು. ಎಲ್ಲವನ್ನೂ ಕೇಳಿಸಿಕೊಂಡರು, ಕೈ ನಿಲ್ಲಲಿಲ್ಲ.

"ನಿಮ್ ಮಿಲ್ಲಿನ ನೆಲ ಜಾರಿದ್ರೆ ನನ್ ಮಗ್ಳು ಯಾಕ್ರಿ ಬೆಲ್ಟ್ ಬಿಚ್ಚಬೇಕು?"

"ಅವಳೇ ಬಿಚ್ಚಿದ್ದು ಅಮ್ಮ," ಎಂದೆ.

"ಅದಕ್ಕೆ ಹುಚ್ಚು. ನೀವಾದ್ರೂ ಬುದ್ಧಿ ಹೇಳಬಾರ್ದಾ? ಉಗಾದಿ ತನ್ಕ ಅಂದಿದ್ದೆ. ಅದರ ಮೇಲೆ ಒಂದ್ ದಿನಾನೂ ಇಲ್ಲ. ಸರೇನಾ?"

"ಸರೇ," ಎಂದು ಎದ್ದು ಬಂದೆ. ನನಗೆ ಆ ಹುಡುಗಿಯ ಮೇಲೆ ಅನುಮಾನವಿರಲಿಲ್ಲ. ಆದರೂ ಆ ಖಾಲಿ ಮಗ್ಗದ ಪಕ್ಕ ಹಾದು ಹೊರಗೆ ಬರುವಾಗ ಭಯವಾಯಿತು.

ಮಿಲ್ಲಿನಲ್ಲಿ ಆ ತಿಂಗಳು ಜೋರು ಗಲಾಟೆ. ಫೋನ್ ಮೇಲೆ ಫೋನ್. ಕೆಲವರು ಮಕ್ಕಳನ್ನು ಬಿಡಿಸಿ ಡ್ಯಾನ್ಸ್ ಕ್ಲಾಸಿಗೆ ಸೇರಿಸಿದರು. ಸಾಹುಕಾರರು ಸ್ವತಃ ಬಂದು ತಲೆಯೆತ್ತಿ ಶಾಫ್ಟ್ ನೋಡಿದರು.

"ಏನಮ್ಮ, ನನ್ ಮೊಮ್ಮಗನ ನೀಲಿ ಬೆಲ್ಟು ಒಣಗ್ಹಾಕಿದ್ದೀಯಂತೆ?"

"ನಂದೂ ಪಕ್ಕದಾಗೇ ಐತೆ, ನೋಡ್ರಿ ಸಾಹುಕಾರ್ರೆ."

"ನೆಲದ್ದು ತಪ್ಪಾದ್ರೆ ನೆಲ ರಿಪೇರಿ ಮಾಡ್ಸು."

ಅದನ್ನೂ ಮಾಡಿಸಿದೆ. ಕಲ್ಲು ಕುಟಿಗರನ್ನು ಕರೆಸಿ, ಬೀಸುಕಲ್ಲಿಗೆ ಮುಳ್ಳು ಹೊಡೆಯುವಂತೆ ಒಂದು ಮೂಲೆಯಲ್ಲಿ ಉಳಿಯಿಂದ ಸಣ್ಣ ಗುಳಿಗಳನ್ನು ಹೊಡೆಸಿದೆ. ಎರಡು ದಿನ ಅದ್ಭುತವಾಗಿತ್ತು. ಮೂರನೇ ದಿನ ಬಿಸಿಲಿಗೆ ಒಂದೊಂದು ಗುಳಿಯಲ್ಲೂ ಎಣ್ಣೆ ತುಂಬಿ ನಿಂತಿತು, ಬೇಕಾದರೆ ದೀಪ ಹಚ್ಚಬಹುದಿತ್ತು. ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಷ್ಟ್ ವರ್ಷ ಕುಡ್ದೈತೆ, ಒಂದ್ ಏಟಿಗೆ ಎಲ್ಲಾ ಕಕ್ಕುತ್ತಾ?" ನಕ್ಕವರ ಕೋಪ ಇಳಿದೇ ಇಳಿಯುತ್ತದೆ. ಅದೇ ಸಮಯ ನೋಡಿ ಗೋಡೌನಿನಲ್ಲಿರುವ ಹಳೆಯ ಗೋಣಿಚೀಲ ಕೊಡಿ ಎಂದು ಕೇಳಿದೆ. "ಅದ್ರಾಗೆ ಇಲಿ ಮಲ್ಕೊಂಡವೆ. ಎಬ್ಬಿಸ್ಕೊಂಡು ತಗೊಂಡೋಗು," ಎಂದರು.

ನಮಗೆ ಒಗ್ಗರಣೆ ಕರಾಟೆ ಎಂದು ಹೆಸರಿಟ್ಟ ಹಮಾಲರು ಈಗ ದಬ್ಬಳ ಹಿಡಿದು ಬಂದರು, ಅವರ ಮಗಳೂ ಅಷ್ಟರಲ್ಲಿ ನಮ್ಮಲ್ಲಿ ಸೇರಿದ್ದಳು. ಅವರು ಹೊಲಿಗೆ ತೋರಿಸಿಕೊಟ್ಟರು, ಉಳಿದ ತಂದೆ ತಾಯಂದಿರು ಕೂತು ಹೊಲಿದರು. ಚೀಲಗಳನ್ನು ಬಿಚ್ಚಿ, ಎರಡು ಪದರ ಮಾಡಿ, ಒಂದಕ್ಕೊಂದು ಸೇರಿಸಿದ ದೊಡ್ಡ ಹಾಸು. ಯಂತ್ರ ಕೂರಿಸಿದ್ದ ಹಳೆಯ ಬೋಲ್ಟುಗಳು ನೆಲದ ಅಂಚಿನಲ್ಲಿ ಹಾಗೇ ಇದ್ದವು, ಅವಕ್ಕೆ ಹುರಿ ಬಿಗಿದು ಹಾಸನ್ನು ಎಳೆದು ಕಟ್ಟಿದೆವು. ತರಗತಿಗೆ ಮುಂಚೆ ನೀರು ಚಿಮುಕಿಸಿದರೆ ಗೋಣಿ ಬಿಗಿದುಕೊಳ್ಳುತ್ತಿತ್ತು. ಕಾಲು ನಿಂತಿತು.

ಆದರೆ ನೆಲ ಸರಿಯಾದರೂ ಕಾಲಿನ ಅಭ್ಯಾಸ ಬಿಡಲಿಲ್ಲ. "ಹಿಮ್ಮಡಿ, ಹಿಮ್ಮಡಿ" ಎಂದು ಕೂಗಿ ಕೂಗಿ ನನ್ನ ಗಂಟಲು ಒಡೆಯಿತು. ಉಪಾಯ ಸಿಕ್ಕಿದ್ದು ಒಂದು ಬಿಡುವಿನ ಹೊತ್ತಿನಲ್ಲಿ. ಮಕ್ಕಳು ಶೇಂಗಾ ತಿನ್ನುತ್ತಿದ್ದರು, ಒಂದು ಕಾಯಿ ಉರುಳಿ ಬಂತು. ಸಹಾಯಕಿ ಅಲ್ಲೇ ತನ್ನ ಬಲಗಾಲಿನ ಅಭ್ಯಾಸ ಮಾಡುತ್ತಿದ್ದಳು. ಗುದ್ದಿದ ಕ್ಷಣಕ್ಕೆ ಸರಿಯಾಗಿ ಅವಳ ಹಿಮ್ಮಡಿಯ ಕೆಳಗೆ ಪಟ್ ಎಂದಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅಂದಿನಿಂದ ಅದೇ ನಮ್ಮ ಪರೀಕ್ಷೆ. ಹಿಂದಿನ ಹಿಮ್ಮಡಿಯನ್ನು ಸ್ವಲ್ಪವೇ ಎತ್ತಿ, ಕೆಳಗೆ ಒಂದು ಒಣ ಶೇಂಗಾ ಕಾಯಿ ಇಡುವುದು. ಗುದ್ದು ಮುಗಿಯುವ ಗಳಿಗೆಯಲ್ಲೇ ಕಾಯಿ ಒಡೆಯಬೇಕು. ಮೊದಲೇ ಒಡೆದರೆ ಭಾರ ಹಿಂದೆ ಇದೆ ಎಂದರ್ಥ. ಆಮೇಲೆ ಒಡೆದರೆ ಸೊಂಟ ತಡವಾಗಿದೆ. ಒಡೆಯದೇ ಹೋದರೆ ಕಾಲಿನಲ್ಲಿ ಏನೂ ಇಲ್ಲ. ಕಣ್ಣು ಮುಚ್ಚಿಕೊಂಡು ಕಿವಿಯಿಂದಲೇ ತೀರ್ಪು ಹೇಳಬಹುದು. ಎರಡು ಕಾಲಿನಲ್ಲೂ ತಪ್ಪದೆ ಒಡೆಯುವವರಿಗೆ ಏಣಿ ಹತ್ತಿ ತಮ್ಮ ಬೆಲ್ಟು ತಾವೇ ಇಳಿಸಿಕೊಳ್ಳುವ ಅವಕಾಶ. ಒಡೆದ ಕಾಯಿಯ ಬೀಜ ಒಡೆದವರಿಗೇ.

ಸುದ್ದಿ ಹರಡಲು ತಡವಾಗಲಿಲ್ಲ. ಸಂಜೆ ಹೊತ್ತು ಮಿಲ್ಲಿನ ಬಾಗಿಲಲ್ಲಿ ಜನ ನಿಂತು ನೋಡತೊಡಗಿದರು. ಸಂಕ್ರಾಂತಿಯ ಹೊತ್ತಿಗೆ ಸಾಹುಕಾರರ ಮೊಮ್ಮಗ ತನ್ನ ನೀಲಿ ಬೆಲ್ಟು ಇಳಿಸಿಕೊಂಡ. ತಾತ ಎಲ್ಲರಿಗೂ ಹುರಿದ ಶೇಂಗಾ ಹಂಚಿದರು. ಡ್ಯಾನ್ಸ್ ಕ್ಲಾಸಿಗೆ ಹೋದವರು ಕೆಲವರು ಸದ್ದಿಲ್ಲದೆ ವಾಪಸು ಬಂದರು, ನಾನೂ ಸದ್ದಿಲ್ಲದೆ ಸೇರಿಸಿಕೊಂಡೆ. ಮೊಳಕಾಲ್ಮೂರಿನ ಅಂಗಳದಲ್ಲಿ ಬೇವಿನ ಮರದ ನೆರಳು ಸಾಲದಷ್ಟು ಮಕ್ಕಳಾದರು. ಸಹಾಯಕಿ ಬಲಗಾಲಿನಲ್ಲಿ ಕಾಯಿ ಮೇಲೆ ಕಾಯಿ ಒಡೆದು ಕಂದು ಬೆಲ್ಟು ವಾಪಸು ಪಡೆದಳು.

ಯುಗಾದಿಗೆ ಮುಂಚಿನ ಭಾನುವಾರ ಪರೀಕ್ಷಕರು ಬಂದರು. ಪರೀಕ್ಷೆಯನ್ನು ಮೊಳಕಾಲ್ಮೂರಿನ ಅಂಗಳದಲ್ಲೇ ಇಟ್ಟಿದ್ದೆ. ಗರಸು ನೆಲ ನೋಡಿ ಅವರು ಮುಖ ಕಿವುಚಿದರು. ಸಹಾಯಕಿ ಕಟಾಗಳನ್ನು, ಅಂದರೆ ಒಬ್ಬರೇ ಮಾಡಿ ತೋರಿಸುವ ವರಸೆಗಳನ್ನು, ಮಾಡಿದಳು, ಒಬ್ಬರ ನಂತರ ಒಬ್ಬರಂತೆ ಎದುರಾಳಿಗಳೊಂದಿಗೆ ಸೆಣಸಿದಳು. ತುಟಿ ಒಡೆದು ರಕ್ತ ಬಂತು, ಒರೆಸಿಕೊಂಡು ಮತ್ತೆ ನಿಂತಳು. ಕೊನೆಗೆ ಪರೀಕ್ಷಕರು, "ಏನೋ ಶೇಂಗಾ ಒಡಿಸ್ತೀರಂತಲ್ಲ, ತೋರ್ಸಿ," ಎಂದರು. ಅವಳು ಕಾಯಿ ಇಟ್ಟಳು. ಗುದ್ದು, ಪಟ್. ಎಡ, ಬಲ, ಮತ್ತೆ ಬಲ. ಅವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ತಮ್ಮ ಚಪ್ಪಲಿ ಬಿಟ್ಟು ತಾವೂ ಒಂದು ಕಾಯಿ ಇಟ್ಟು ನೋಡಿದರು, ಒಡೆಯಿತು, ಮಗುವಿನ ಹಾಗೆ ನಕ್ಕರು. ಕಪ್ಪು ಬೆಲ್ಟನ್ನು ಅವಳ ಸೊಂಟಕ್ಕೆ ಕಟ್ಟುವಾಗ ನನ್ನ ಕಣ್ಣು ಮಂಜಾಗಿತ್ತು. ಅಳಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ.

ಅವಳ ಅವ್ವ ಬೀದಿಯ ಹೆಂಗಸರೊಂದಿಗೆ ಕಾಂಪೌಂಡಿನ ಆಚೆ ನಿಂತು ನೋಡುತ್ತಿದ್ದರು. ಹತ್ತಿರ ಬಂದು ಮಗಳ ತುಟಿಯನ್ನು ಸೆರಗಿನಿಂದ ಒತ್ತಿದರು. ಬೆಲ್ಟಿನ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಏನ್ ಒರಟು ನೂಲಮ್ಮಾ ಇದು," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇನ್ನು ಆ ಮಗ್ಗಕ್ಕೆ ಯಾರನ್ನ ಕೂರ್ಸಲಿ ಮೇಡಮ್ಮಾ, ನೀವ್ ಬರ್ತೀರಾ?" ಎಂದು ಕೇಳಿದರು. ಅದೇ ಅವರ ಒಪ್ಪಿಗೆ.

ಈಗ ರಾಂಪುರದವರೂ ಶಾಖೆ ಬೇಕೆಂದು ಕೇಳುತ್ತಿದ್ದಾರೆ. ಕೊಡುತ್ತೇವೆ, ಮಣ್ಣಿನ ಅಂಗಳ ಇದ್ದರೆ ಮಾತ್ರ.

ಇನ್ನೊಂದು ವಿಷಯ ಉಳಿದಿದೆ. ಯುಗಾದಿ ಕಳೆದ ಮೇಲೆ ಶಾಫ್ಟಿನಲ್ಲಿ ಒಂದೇ ಬೆಲ್ಟು ನೇತಾಡುತ್ತಿತ್ತು, ನನ್ನದು. ಇಷ್ಟು ದಿನ ಮಕ್ಕಳ ಹಿಂದೆ ಬಿದ್ದು ನನ್ನ ಸರದಿಯನ್ನು ಮುಂದೂಡಿದ್ದೆ. ನನ್ನ ತೀರ್ಪು ಹೇಳಲು ಕಪ್ಪು ಬೆಲ್ಟಿನವರೇ ಬೇಕಲ್ಲ, ಈಗ ಒಬ್ಬಳು ಸಿಕ್ಕಿದ್ದಳು. ಒಂದು ಭಾನುವಾರ ಎಲ್ಲ ಮಕ್ಕಳ ಮುಂದೆ ಗೋಣಿ ಹಾಸಿನ ಮೇಲೆ ನಿಂತೆ. ಅವಳು ಕಾಯಿ ಇಟ್ಟಳು. ಎಡಗಾಲಿನದು ಸರಿಯಾಗಿ ಒಡೆಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಬಲಗಾಲು ಹಿಂದಿಟ್ಟು, ಉಸಿರು ಬಿಟ್ಟು, ಜೋರಾಗಿ ಗುದ್ದಿದೆ. ಸದ್ದು ಬರಲಿಲ್ಲ.

ಸಾಹುಕಾರರ ಮೊಮ್ಮಗ ಆಗಲೇ ನನ್ನ ಪರವಾಗಿ ಏಣಿ ಹಿಡಿದು ನಿಂತಿದ್ದ, ಸಹಾಯಕಿಯ ಮುಖ ನೋಡಿದ. ಅವಳು ಕಣ್ಣಿನಲ್ಲೇ ಬೇಡ ಎಂದಳು. ಬಗ್ಗಿ ನನ್ನ ಹಿಮ್ಮಡಿಯ ಕೆಳಗಿನಿಂದ ಕಾಯಿಯನ್ನು ಎತ್ತಿಕೊಂಡಳು. ಒಂದು ಸೀಳೂ ಬಿದ್ದಿರಲಿಲ್ಲ. ಹಲ್ಲಿನಿಂದ ಒಡೆದು, ಒಂದು ಬೀಜ ತಾನು ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ನನ್ನ ಅಂಗೈಗೆ ಇಟ್ಟಳು.

"ಇನ್ನೊಂದ್ ಭಾನುವಾರ ಬರ್ರಿ ಮೇಡಂ," ಎಂದಳು.